ಹಸಿರು ಮುಖ ಒತ್ತಿ, ಸ್ಕೋರ್ ಉಳಿಸಿ: ಆಫೀಸಿನ ವೆಲ್‌ನೆಸ್ ಆ್ಯಪ್ ಮತ್ತು ನಾನು ಮಾಡಿದ ಒಂದು ತಪ್ಪು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಕ್ಯಾಬಲ್ಲಿದ್ದೀರೋ, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿದ್ದೀರೋ, ಪಾತ್ರೆ ತೊಳೀತಾ ಇಯರ್‌ಫೋನ್ ಸಿಗಿಸ್ಕೊಂಡಿದ್ದೀರೋ, ಎಲ್ಲಿದ್ರೂ ಸ್ವಾಗತ. ಇವತ್ತಿನ ಸಂಚಿಕೆ ತಪ್ಪೊಪ್ಪಿಗೆಯಿಂದ ಶುರು.

ಮೂರು ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಆಫೀಸಲ್ಲಿ ನೂರು ದಿನದ ಸ್ಟೆಪ್ ಚಾಲೆಂಜ್ ಇಟ್ಟಿದ್ರು. ದಿನಕ್ಕೆ 10,000 ಹೆಜ್ಜೆ. ಫೋನಲ್ಲಿರೋ ಆ್ಯಪ್ ಲೆಕ್ಕ ಇಡುತ್ತೆ, ಯಾರು ಮುಂದೆ, ಯಾರು ಹಿಂದೆ ಅಂತ ಇಡೀ ಫ್ಲೋರಿಗೆ ತೋರಿಸುತ್ತೆ. ಅದೇ ಟೈಮಲ್ಲಿ ಯುಗಾದಿ ಬಂತು, ತಿಪಟೂರಿಗೆ ಹೋದೆ. ಮನೇಲಿ ಅಣ್ಣನ ಮಗು ಇತ್ತು, ತೊಟ್ಟಿಲಿತ್ತು. ನನ್ನ ತಲೆ ಓಡ್ತು. ಫೋನನ್ನ ಒಂದು ಬಟ್ಟೇಲಿ ಸುತ್ತಿ ತೊಟ್ಟಿಲಿಗೆ ಕಟ್ಟಿದೆ. ಅತ್ತಿಗೆ ತೂಗೋರು, ಮಗು ನಿದ್ದೆ ಹೋಗೋದು, ನನ್ನ ಹೆಜ್ಜೆ ಏರೋದು. ಅಮ್ಮ ನೋಡಿ, "ನಡೀತಿರೋದು ನೀನೇನೇ, ತೊಟ್ಟಿಲೇನೇ?" ಅಂದ್ಲು.

ಆ ಚಾಲೆಂಜಲ್ಲಿ ನಮ್ಮ ಫ್ಲೋರಿಗೆ ಎರಡನೇ ಸ್ಥಾನ ಬಂದೆ. ಸಾವಿರ ರೂಪಾಯಿ ವೋಚರ್ ಸಿಕ್ತು. ಇದು ತಮಾಷೆಯ ತಪ್ಪು. ಇನ್ನೊಂದು ತಪ್ಪಿದೆ, ಅದು ತಮಾಷೆ ಅಲ್ಲ. ಸ್ವಲ್ಪ ಹೊತ್ತಲ್ಲಿ ಅದಕ್ಕೆ ಬರ್ತೀನಿ.

ಹೊಸದಾಗಿ ಕೇಳ್ತಿರೋರಿಗೆ ಹೇಳ್ಬಿಡ್ತೀನಿ. ಪಾಡ್‌ಕಾಸ್ಟೇ ಕೆಲಸ ಅಂತ ಮಾಡ್ಕೊಳ್ಳೋ ಮೊದಲು, ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಟೀಮಲ್ಲಿದ್ದೆ. ಅಂದ್ರೆ ಹೊರದೇಶದ ಕ್ಲೈಂಟಿಗೆ ಬರೋ ಬಿಲ್ಲುಗಳನ್ನ ಆರ್ಡರ್ ಜೊತೆ ತಾಳೆ ನೋಡೋದು, ಎಂಟ್ರಿ ಹಾಕೋದು, ಪೇಮೆಂಟಿಗೆ ಬಿಡೋದು. ಮಧ್ಯಾಹ್ನ ಒಂದೂವರೆಗೆ ಲಾಗಿನ್, ರಾತ್ರಿ ಹತ್ತೂವರೆಗೆ ಲಾಗೌಟ್. ಅದು ಕಾಗದದ ಮೇಲೆ. ತಿಂಗಳ ಕೊನೆ ಕ್ಲೋಸಿಂಗ್ ಬಂತು ಅಂದ್ರೆ ನಾಲ್ಕೈದು ದಿನ ರಾತ್ರಿ ಎರಡು ಗಂಟೆ, ಮೂರು ಗಂಟೆ.

ಈ ಕಂಪನಿ ನಮಗೆ ಒಂದು ವೆಲ್‌ನೆಸ್ ಆ್ಯಪ್ ಕೊಟ್ಟಿತ್ತು. ನಿಮ್ಮಲ್ಲೂ ಬಹಳ ಜನರ ಫೋನಲ್ಲಿ ಇಂಥದ್ದೊಂದು ಕೂತಿರುತ್ತೆ. ಹೆಸರು ಬೇರೆ, ಒಳಗಿರೋದು ಹೆಚ್ಚೂಕಮ್ಮಿ ಒಂದೇ. ಮೊದಲು ಒಂದು ಪ್ರಶ್ನಾವಳಿ: ಎಷ್ಟು ಗಂಟೆ ಮಲಗ್ತೀರಿ, ಸಿಗರೇಟ್ ಸೇದ್ತೀರಾ, ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ. ಉತ್ತರ ಕೊಟ್ರೆ ನೂರಕ್ಕೆ ಇಷ್ಟು ಅಂತ ಹೆಲ್ತ್ ಸ್ಕೋರ್. ಆಮೇಲೆ ಹೆಜ್ಜೆ ಲೆಕ್ಕ, ನೀರು ಕುಡಿಯೋ ರಿಮೈಂಡರ್, ಶುಕ್ರವಾರದ ಯೋಗ ವೆಬಿನಾರ್, ಕೌನ್ಸೆಲರ್ ಜೊತೆ ವಿಡಿಯೋ ಕಾಲ್, ವರ್ಷಕ್ಕೊಂದು ಉಚಿತ ರಕ್ತಪರೀಕ್ಷೆ. ಜೊತೆಗೆ ದಿನಾ ಲಾಗಿನ್ ಆದ ತಕ್ಷಣ ಐದು ಮುಖಗಳು, ಕೆಂಪಿನಿಂದ ಹಸಿರಿನವರೆಗೆ. "ಇವತ್ತು ಹೇಗಿದ್ದೀರಿ?" ಅಂತ ಕೇಳುತ್ತೆ, ಒಂದನ್ನ ಒತ್ತಬೇಕು.

ರಾತ್ರಿ ಹತ್ತಕ್ಕೆ ಇನ್ನೊಂದು ಮೆಸೇಜ್ ಬರ್ತಿತ್ತು: "ಸ್ಕ್ರೀನ್ ಆಫ್ ಮಾಡಿ, ನಿದ್ದೆಗೆ ತಯಾರಾಗಿ." ಕ್ಲೋಸಿಂಗ್ ದಿನಗಳಲ್ಲಿ ಇಡೀ ಟೀಮು ಎಕ್ಸೆಲ್ ಮುಂದೆ ಕೂತಿರ್ತಿದ್ವಿ. ಅಷ್ಟೂ ಫೋನು ಒಟ್ಟಿಗೆ ಟಿಂಗ್ ಅನ್ನೋದು. ಯಾರೂ ತಲೆ ಎತ್ತುತ್ತಿರಲಿಲ್ಲ.

ಸರಿ. ಕಾಮರ್ಸ್ ಓದಿದವಳಿಗೆ ಬರೋ ಮೊದಲ ಪ್ರಶ್ನೆ ಏನು? ಕಂಪನಿ ಇದಕ್ಕೆ ಯಾಕೆ ದುಡ್ಡು ಹಾಕುತ್ತೆ? ವಾಪಸ್ ಏನು ಬರುತ್ತೆ?

ಈ ಪ್ರಶ್ನೆಗೆ ಒಂದು ಫೇಮಸ್ ಉತ್ತರ ಇದೆ. 2010ರಲ್ಲಿ ಹಾರ್ವರ್ಡ್‌ನ ಮೂವರು, ಕ್ಯಾಥರೀನ್ ಬೇಕರ್, ಡೇವಿಡ್ ಕಟ್ಲರ್ ಮತ್ತು ಜಿರುಯಿ ಸಾಂಗ್, ಅಲ್ಲಿವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 'ಹೆಲ್ತ್ ಅಫೇರ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ್ರು. ವೆಲ್‌ನೆಸ್ ಕಾರ್ಯಕ್ರಮಕ್ಕೆ ಹಾಕಿದ ಪ್ರತಿ ಒಂದು ಡಾಲರಿಗೆ, ವೈದ್ಯಕೀಯ ಖರ್ಚಲ್ಲಿ ಸುಮಾರು 3.27 ಡಾಲರ್ ಉಳಿತಾಯ, ರಜೆ ಹಾಕೋದು ಕಡಿಮೆಯಾಗಿ ಇನ್ನೂ 2.73 ಡಾಲರ್ ಉಳಿತಾಯ ಅಂತ ಅವರ ಲೆಕ್ಕ. ಕೂಡಿದ್ರೆ ಒಂದಕ್ಕೆ ಆರು! ಯಾವ ಎಫ್.ಡಿ. ಕೊಡುತ್ತೆ ಹೇಳಿ? ಅಮೆರಿಕದಲ್ಲಿ ಉದ್ಯೋಗಿಗಳ ಆರೋಗ್ಯ ವಿಮೆಯ ದೊಡ್ಡ ಪಾಲು ಕಂಪನಿ ತಲೆಮೇಲೆ ಬೀಳುತ್ತೆ. ಅವರಿಗೆ ಇದು ಸುವರ್ಣ ಸುದ್ದಿ.

ಈಗ ಕತೆ ತಿರುಗುತ್ತೆ. ಅದೇ ಬೇಕರ್, ಅದೇ ಸಾಂಗ್, ಮುಂದೆ ತಾವೇ ಒಂದು ಪ್ರಯೋಗಕ್ಕೆ ಕೈಹಾಕಿದ್ರು. ಅಮೆರಿಕದ ಬಿಜೆಸ್ ಹೋಲ್‌ಸೇಲ್ ಕ್ಲಬ್ ಅನ್ನೋ ದೊಡ್ಡ ಅಂಗಡಿಗಳ ಸರಪಳಿ. 160 ಕೆಲಸದ ಜಾಗ, ಸುಮಾರು 33,000 ಉದ್ಯೋಗಿಗಳು. ಲಾಟರಿ ಎತ್ತಿದ ಹಾಗೆ 20 ಜಾಗ ಆರಿಸಿ ಅಲ್ಲಿ ಮಾತ್ರ ವೆಲ್‌ನೆಸ್ ಕಾರ್ಯಕ್ರಮ ನಡೆಸಿದ್ರು. ಅದು ಬರೀ ಆ್ಯಪ್ ಕೂಡ ಅಲ್ಲ, ಡಯಟೀಷಿಯನ್‌ಗಳು ನಡೆಸಿದ ಕಾರ್ಯಕ್ರಮ. ಹದಿನೆಂಟು ತಿಂಗಳ ಫಲಿತಾಂಶ 2019ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂತು. ನಾವು ವ್ಯಾಯಾಮ ಮಾಡ್ತೀವಿ, ತೂಕದ ಕಡೆ ಗಮನ ಕೊಡ್ತೀವಿ ಅಂತ ಹೇಳೋರು ಜಾಸ್ತಿಯಾಗಿದ್ರು. ಆದ್ರೆ ಬಿ.ಪಿ., ಕೊಲೆಸ್ಟರಾಲ್, ತೂಕ, ಆಸ್ಪತ್ರೆ ಖರ್ಚು, ರಜೆ, ಕೆಲಸದ ಗುಣಮಟ್ಟ, ಇವು ಯಾವುದರಲ್ಲೂ ಹೇಳಿಕೊಳ್ಳೋವಂಥ ವ್ಯತ್ಯಾಸ ಕಾಣಲಿಲ್ಲ.

ಒಂದಕ್ಕೆ ಆರು ಇದ್ದದ್ದು ಎಲ್ಲಿ ಹೋಯ್ತು?

ಉತ್ತರ ಚೆನ್ನಾಗಿ ಕಾಣೋದು ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ. 2016ರಲ್ಲಿ ಅಲ್ಲಿನ ಸುಮಾರು 4,800 ನೌಕರರನ್ನ ಲಾಟರಿ ರೀತಿ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಆರೋಗ್ಯ ತಪಾಸಣೆ, ಆನ್‌ಲೈನ್ ಪ್ರಶ್ನಾವಳಿ, ವೆಲ್‌ನೆಸ್ ಚಟುವಟಿಕೆ, ಭಾಗವಹಿಸಿದ್ರೆ ದುಡ್ಡು. ಇನ್ನೊಂದು ಗುಂಪಿಗೆ ಏನೂ ಇಲ್ಲ. ಎರಡು ಗುಂಪನ್ನ ಹೋಲಿಸಿದಾಗ ವೈದ್ಯಕೀಯ ಖರ್ಚು, ರಜೆ, ಇವುಗಳಲ್ಲಿ ಗಮನಿಸೋವಂಥ ಬದಲಾವಣೆ ಇಲ್ಲ. ಆದ್ರೆ ಕಾರ್ಯಕ್ರಮಕ್ಕೆ ತಾವಾಗಿ ಸೇರಿದೋರನ್ನ, ಸೇರದೇ ಇದ್ದೋರ ಪಕ್ಕ ಇಟ್ಟು ನೋಡಿದ್ರೆ? ಅಬ್ಬಾ, ಸೇರಿದೋರು ಎಷ್ಟು ಆರೋಗ್ಯವಾಗಿದ್ದಾರೆ! ಯಾಕಂದ್ರೆ ಅವರು ಮೊದಲಿಂದಲೇ ಆರೋಗ್ಯವಾಗಿದ್ರು. ಕಾರ್ಯಕ್ರಮ ಶುರುವಾಗೋ ಮುಂಚೆಯೇ ಅವರ ಆಸ್ಪತ್ರೆ ಖರ್ಚು ಕಡಿಮೆ ಇತ್ತು.

ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿಗೆ ಹೋಗಿ, ಅಲ್ಲಿ ಓಡ್ತಿರೋರನ್ನ ನೋಡಿ, "ಈ ಪಾರ್ಕಿನ ಗಾಳಿಗೆ ಎಲ್ಲರೂ ಸಣ್ಣ ಆಗಿದ್ದಾರೆ" ಅಂದ ಹಾಗೆ. ಪಾರ್ಕು ಚೆನ್ನಾಗಿಯೇ ಇದೆ. ಆದ್ರೆ ಓಡೋ ಅಭ್ಯಾಸ, ಓಡೋಕೆ ಟೈಮು, ಎರಡೂ ಇರೋರು ಅಲ್ಲಿಗೆ ಬಂದಿದ್ದಾರೆ. ರಾತ್ರಿ ಮೂರಕ್ಕೆ ಕ್ಯಾಬ್ ಇಳಿದೋರು ಆರಕ್ಕೆ ಅಲ್ಲಿರಲ್ಲ.

ನ್ಯಾಯವಾಗಿ ಒಂದು ಮಾತು ಹೇಳ್ಬೇಕು. ಇಲಿನಾಯ್‌ನಲ್ಲಿ ಎರಡು ವಿಷಯ ಬದಲಾಗಿತ್ತು. ಹೆಚ್ಚು ಜನ ಆರೋಗ್ಯ ತಪಾಸಣೆ ಮಾಡಿಸ್ಕೊಂಡಿದ್ರು. ಇನ್ನೊಂದು, ನಮ್ಮ ಸಂಸ್ಥೆ ನಮ್ಮ ಆರೋಗ್ಯಕ್ಕೆ ಬೆಲೆ ಕೊಡುತ್ತೆ ಅನ್ನೋ ನಂಬಿಕೆ ಹೆಚ್ಚಾಗಿತ್ತು. ಈ ಎರಡನೆಯದನ್ನ ನೆನಪಿಟ್ಕೊಳ್ಳಿ.

ಈಗ ನನ್ನ ಎರಡನೇ ತಪ್ಪು.

ನಮ್ಮ ಟೀಮಲ್ಲಿ ಒಂಬತ್ತು ಜನ. ಅದರಲ್ಲಿ ಒಬ್ಬರು ಹುಬ್ಬಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಎರಡು ಮಕ್ಕಳ ತಾಯಿ. ಎಲ್ಲರೂ ಅವರನ್ನ ಅಕ್ಕ ಅಂತಾನೇ ಕರೀತಿದ್ವಿ. ಯಾರ ಬಿಲ್ಲು ತಾಳೆ ಆಗದಿದ್ರೂ ಎದ್ದು ಹೋಗ್ತಿದ್ದದ್ದು ಅಕ್ಕನ ಕುರ್ಚಿ ಹತ್ರ. ರಾತ್ರಿ ಮೂರಕ್ಕೆ ಮನೆ ಸೇರಿ, ಆರಕ್ಕೆ ಎದ್ದು ಮಕ್ಕಳ ಟಿಫಿನ್ ಬಾಕ್ಸ್ ತುಂಬಿ, ಮಧ್ಯಾಹ್ನ ಮತ್ತೆ ಲಾಗಿನ್.

ಒಂದು ಕ್ವಾರ್ಟರ್ ಎಂಡಿನ ಮುಂಚೆ ಅಕ್ಕ ಕೆಂಪು ಮುಖ ಒತ್ತೋಕೆ ಶುರು ಮಾಡಿದ್ರು. ದಿನಾ ಕೆಂಪು. ಆ್ಯಪ್ ಏನು ಮಾಡ್ತು? ತಕ್ಷಣ ಒಂದು ವಿಡಿಯೋ ಕಳಿಸ್ತು, ನಾಲ್ಕು ನಿಮಿಷದ ಉಸಿರಾಟದ ವ್ಯಾಯಾಮ. ಅಕ್ಕ ಫೋನನ್ನ ನನ್ನ ಕಡೆ ತಿರುಗಿಸಿ ನಕ್ಕರು. "ನನಗ ನಿದ್ದಿ ಇಲ್ಲ ಅಂತ ಹೇಳಿದ್ರ, ಇದು ನನಗ ಉಸಿರಾಡೋದು ಕಲಿಸಾಕತ್ತೈತಿ ನೋಡು" ಅಂದ್ರು.

ಕೌನ್ಸೆಲರ್ ಸ್ಲಾಟ್ ನೋಡಿದ್ರು. ಸಿಗ್ತಿದ್ದದ್ದು ಸಂಜೆ ನಾಲ್ಕು, ಐದು ಗಂಟೆಗೆ. ಆಗ ನಾವು ಕ್ಲೈಂಟ್ ಕಾಲಲ್ಲಿ ಇರ್ತಿದ್ವಿ. ಶಿಫ್ಟ್ ಬದಲಾಯಿಸಿ ಅಂತ ಕೇಳಿದ್ರು. "ಈ ಕ್ವಾರ್ಟರ್ ಮುಗೀಲಿ, ಅಲ್ಲಿವರೆಗೆ ಆ್ಯಪಲ್ಲಿ ಕೌನ್ಸೆಲಿಂಗ್ ಫ್ರೀ ಇದೆ, ಬಳಸ್ಕೊಳ್ಳಿ" ಅಂತ ಉತ್ತರ ಬಂತು.

ನಾನು ಆಗ ನಮ್ಮ ಟೀಮಿನ 'ವೆಲ್‌ನೆಸ್ ಚಾಂಪಿಯನ್'. ಅದು ಸಂಬಳ ಇಲ್ಲದ ಪದವಿ, ಆದ್ರೆ ಅಪ್ರೈಸಲ್‌ನಲ್ಲಿ ಒಂದು ಸಾಲು ಬರೆದುಕೊಳ್ಳಬಹುದು. ಪ್ರತಿ ಸೋಮವಾರ ನನಗೆ ಟೀಮಿನ ಡ್ಯಾಶ್‌ಬೋರ್ಡ್ ಬರ್ತಿತ್ತು. ಹೆಸರು ಇರಲ್ಲ, ಎಲ್ಲ ಅನಾಮಧೇಯ. ಎಂಟು ಹಸಿರು, ಒಂದು ಕೆಂಪು. ಒಂಬತ್ತು ಜನರ ಟೀಮಲ್ಲಿ ಅನಾಮಧೇಯ ಅಂದ್ರೆ ಎಷ್ಟು ಅನಾಮಧೇಯ ಅಂತ ನೀವೇ ಯೋಚನೆ ಮಾಡಿ. ಆ ಒಂದು ಕೆಂಪಿನಿಂದ ನಮ್ಮ 'ಹ್ಯಾಪಿನೆಸ್ ಸ್ಕೋರ್' ಪಕ್ಕದ ಟೀಮಿಗಿಂತ ಕೆಳಗೆ ಇತ್ತು.

ನಾನು ಅಕ್ಕಂಗೆ ಮೆಸೇಜ್ ಹಾಕಿದೆ. ಅದು ಈಗಲೂ ನನ್ನ ಫೋನಲ್ಲಿದೆ. "ಅಕ್ಕಾ, ಪ್ಲೀಸ್ ಕೆಂಪು ಒತ್ಬೇಡಿ, ನಮ್ಮ ಸ್ಕೋರ್ ಇಳೀತಿದೆ." ಕೊನೇಲಿ ಕೈ ಮುಗಿಯೋ ಎಮೋಜಿ.

ಅವರು ಓಕೆ ಅಂದ್ರು. ಮರುದಿನದಿಂದ ಹಸಿರು.

ಆ್ಯಪ್ ಪ್ರಕಾರ ಅಕ್ಕ ಒಂದೇ ದಿನದಲ್ಲಿ ಸುಧಾರಿಸಿದ್ರು. ನಮ್ಮ ಟೀಮಿಗೆ ಆ ಕ್ವಾರ್ಟರ್ ಬೆಸ್ಟ್ ವೆಲ್‌ನೆಸ್ ಟೀಮ್ ಅಂತ ಮೇಲ್ ಬಂತು, ಕೇಕ್ ಕಟ್ ಮಾಡಿದ್ವಿ. ಅದಾಗಿ ಮೂರು ವಾರಕ್ಕೆ ಅಕ್ಕ ರಾಜೀನಾಮೆ ಕೊಟ್ರು. ಹನ್ನೊಂದು ವರ್ಷದ ಸರ್ವಿಸ್. ಎಲ್ಲೋ ಒಂದು ರಿಪೋರ್ಟಲ್ಲಿ ಅದು 'ವೈಯಕ್ತಿಕ ಕಾರಣ' ಅಂತ ಇರುತ್ತೆ.

ಇದನ್ನ ನಾನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಆ್ಯಪಿನ ಡೇಟಾ ನೋಡಿದ ಯಾರಿಗಾದ್ರೂ ಕಾರ್ಯಕ್ರಮ ಸೂಪರ್ ಹಿಟ್ ಅಂತಾನೇ ಕಾಣುತ್ತೆ. ನನ್ನ ಹೆಜ್ಜೆ ಏರಿತ್ತು. ಅಕ್ಕನ ಮುಖ ಹಸಿರಾಗಿತ್ತು. ಎರಡೂ ಸುಳ್ಳು. ಎರಡಕ್ಕೂ ನಾನೇ ಕಾರಣ.

ಮೂಲ ಸಮಸ್ಯೆ ಇಲ್ಲಿದೆ ಅನ್ಸುತ್ತೆ. ಆ್ಯಪ್ ನಮ್ಮನ್ನ ಮಾತ್ರ ರಿಪೇರಿ ಮಾಡೋಕೆ ಬರುತ್ತೆ. ನೀನು ನಡಿ, ನೀನು ನೀರು ಕುಡಿ, ನೀನು ಉಸಿರಾಡು. ಶಿಫ್ಟ್ ರೋಸ್ಟರ್ ಮುಟ್ಟೋ ಬಟನ್ ಅದರಲ್ಲಿ ಇಲ್ಲ.

ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಅನ್ನೋರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆ. ವೆಲ್‌ಬೀಯಿಂಗ್ ಆ್ಯಪ್, ಒತ್ತಡ ನಿಭಾಯಿಸೋ ತರಬೇತಿ, ಮೈಂಡ್‌ಫುಲ್‌ನೆಸ್, ಇಂಥವುಗಳಲ್ಲಿ ಭಾಗವಹಿಸಿದೋರ ಮಾನಸಿಕ ಆರೋಗ್ಯ, ಭಾಗವಹಿಸದೋರಿಗಿಂತ ಉತ್ತಮವಾಗಿ ಕಾಣಲಿಲ್ಲ. ಇದು ಲಾಟರಿ ಎತ್ತಿದ ಪ್ರಯೋಗ ಅಲ್ಲ, ಸಮೀಕ್ಷೆ. ಹಾಗಾಗಿ ಇದೇ ಕೊನೆ ಮಾತು ಅನ್ನೋಕೆ ಆಗಲ್ಲ. ಸ್ವಲ್ಪ ಒಳ್ಳೇದು ಕಂಡಿದ್ದು ಒಂದರಲ್ಲಿ ಮಾತ್ರ: ಸಮಾಜಸೇವೆ, ವಾಲಂಟಿಯರಿಂಗ್ ಅವಕಾಶ.

ಹಾಗಾದ್ರೆ ಆರೋಗ್ಯ ಕೆಡಿಸೋದು ಏನು? ಒಂದು ಕಾರಣಕ್ಕೆ ಗಟ್ಟಿ ಲೆಕ್ಕ ಇದೆ, ಕೆಲಸದ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ರಕ್ತನಾಳ ಕಟ್ಟಿ ಬರೋ ಹೃದಯರೋಗದಿಂದ ಸಾಯೋ ಅಪಾಯ ಶೇ. 17ರಷ್ಟು ಹೆಚ್ಚು. ಹೀಗೆ ಅತಿ ದುಡಿಮೆಗೆ ಸಂಬಂಧಿಸಿದ ಸಾವು 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7,45,000 ಅಂತ ಅಂದಾಜು.

ನಮ್ಮಲ್ಲಿ ಏನಿದೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚಾದ್ರೆ ಎರಡು ಪಟ್ಟು ಕೂಲಿ. ಓವರ್‌ಟೈಮಿಗೂ ಮಿತಿ ಇದೆ. 2024ರ ಜುಲೈನಲ್ಲಿ ಐ.ಟಿ. ವಲಯಕ್ಕೆ ಇದನ್ನ ಸಡಿಲಿಸಿ, ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆವರೆಗೆ ಬಿಡೋ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಜೋರಾಗಿ ವಿರೋಧ ಮಾಡ್ತು, ನೆನಪಿದೆಯಾ? ಅದು ಬರೀ ಸಂಬಳದ ಜಗಳ ಅಲ್ಲ. ನನ್ನ ಪ್ರಕಾರ ಅದು ರಾಜ್ಯದ ಅತಿ ದೊಡ್ಡ ವೆಲ್‌ನೆಸ್ ಚರ್ಚೆ. ಆದ್ರೆ ಆ ವಾರವೂ ನಮ್ಮ ಆ್ಯಪುಗಳು ನೀರು ಕುಡಿಯಿರಿ ಅಂತಾನೇ ಹೇಳ್ತಿದ್ವು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ತಂತು. ಅದರಲ್ಲಿ ಅತಿಯಾದ ಕೆಲಸದ ಹೊರೆಯಂಥ ಅಪಾಯಗಳನ್ನ ಸರಿ ಮಾಡಿ, ಮ್ಯಾನೇಜರುಗಳಿಗೆ ತರಬೇತಿ ಕೊಡಿ ಅಂತ ಇದೆ. ಅಂದ್ರೆ ಉಸಿರಾಟದ ಪಾಠದ ಜೊತೆ ರೋಸ್ಟರೂ ಬದಲಾಗಬೇಕು.

ಹಾಗಂತ ಆ್ಯಪ್ ಡಿಲೀಟ್ ಮಾಡಿ ಅಂತ ನಾನು ಹೇಳ್ತಿಲ್ಲ. ನನಗೆ ಅದರಿಂದ ಒಂದು ದೊಡ್ಡ ಉಪಕಾರ ಆಗಿದೆ.

ಆ ಉಚಿತ ರಕ್ತಪರೀಕ್ಷೆ ಹೇಳಿದ್ನಲ್ಲ, ಅದರಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂತು. ಇದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಪರೀಕ್ಷೆ. 5.7ರಿಂದ 6.4 ಅಂದ್ರೆ ಪ್ರಿಡಯಾಬಿಟಿಸ್, 6.5 ಅಥವಾ ಅದಕ್ಕಿಂತ ಹೆಚ್ಚಾದ್ರೆ ಡಯಾಬಿಟಿಸ್. ನನಗೆ ಆಗ ಇಪ್ಪತ್ತೈದು. ಅಪ್ಪಂಗೆ ಶುಗರ್ ಇದೆ, ಆದ್ರೂ ನನಗೆ ಈಗಲೇ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಐ.ಸಿ.ಎಂ.ಆರ್. ನೆರವಿನ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್, 13.6 ಕೋಟಿ ಜನಕ್ಕೆ ಪ್ರಿಡಯಾಬಿಟಿಸ್. ನಾನು ಆ ಎರಡನೇ ಸಾಲಿನಲ್ಲಿ ನಿಂತಿದ್ದೆ. ಆ್ಯಪ್ ಇಲ್ದಿದ್ರೆ ಗೊತ್ತೇ ಆಗ್ತಿರಲಿಲ್ಲ.

ಆದ್ರೆ ಗೊತ್ತು ಮಾಡಿದ ಮೇಲೆ? "ರಾತ್ರಿ ಎಂಟರೊಳಗೆ ಊಟ ಮುಗಿಸಿ" ಅಂತ ಸಲಹೆ ಬಂತು. ನನ್ನ ಊಟ ರಾತ್ರಿ ಹನ್ನೊಂದೂವರೆಗೆ, ಪಿ.ಜಿ.ಯಲ್ಲಿ ತಣ್ಣಗಾದ ಅನ್ನ, ಸಾರು. ಎಂಟಕ್ಕೆ ಊಟ ಅನ್ನೋದು ನನಗೆ ಸಾಧ್ಯ ಆಗಿದ್ದು ಆ ಕೆಲಸ ಬಿಟ್ಟ ಮೇಲೆ. ಕಳೆದ ಸಲ ಟೆಸ್ಟಲ್ಲಿ 5.6 ಬಂದಿದೆ. ಎಲ್ಲರಿಗೂ ಕೆಲಸ ಬಿಡೋಕೆ ಆಗಲ್ಲ, ಅದು ಪರಿಹಾರವೂ ಅಲ್ಲ. ಶಿಫ್ಟಿನ ಮಧ್ಯೆ ಎಂಟಕ್ಕೆ ಮೂವತ್ತು ನಿಮಿಷ ಊಟದ ಬ್ರೇಕ್ ಕೊಟ್ಟಿದ್ರೂ ಸಾಕಿತ್ತು. ಅದಕ್ಕೆ ಯಾವ ಆ್ಯಪೂ ಬೇಕಿರಲಿಲ್ಲ.

ಇನ್ನು 10,000 ಹೆಜ್ಜೆ. ಇದು ಡಾಕ್ಟರುಗಳು ಕೂತು ಲೆಕ್ಕ ಹಾಕಿದ ಸಂಖ್ಯೆ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ ಜಪಾನಿನ ಒಂದು ಕಂಪನಿ 'ಮಾನ್ಪೊ-ಕೆ' ಅನ್ನೋ ಹೆಜ್ಜೆ ಎಣಿಸೋ ಯಂತ್ರ ಮಾರಿತು. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಬಂದ ಸಂಖ್ಯೆ ಇದು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ತಂಡ 16,741 ಹಿರಿಯ ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆಯ ಹೊತ್ತಿಗೇ ಸಾವಿನ ಅಪಾಯ ಇಳಿದಿತ್ತು. ಸುಮಾರು 7,500 ಆದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಸರಾಸರಿ 72 ವರ್ಷದವರ ಲೆಕ್ಕ ಅದು, ನಮಗೆ ಹಾಗೇ ಅನ್ವಯಿಸಲ್ಲ. ಆದ್ರೂ ಹತ್ತು ಸಾವಿರ ಆಗಲಿಲ್ಲ ಅಂತ ತೊಟ್ಟಿಲಿಗೆ ಫೋನ್ ಕಟ್ಟೋ ಅವಶ್ಯಕತೆ ಇಲ್ಲ. ಆಗೋಷ್ಟು ನಡೀರಿ.

ಕೊನೆಗೆ, ನಿಮ್ಮ ಆಫೀಸಲ್ಲಿ ಇಂಥ ಕಾರ್ಯಕ್ರಮ ಇದ್ರೆ ಎಚ್.ಆರ್.ಗೆ ಮೂರು ಪ್ರಶ್ನೆ ಕೇಳಿ. ಜಗಳ ಬೇಡ, ಒಂದು ಮೇಲ್ ಸಾಕು.

ಒಂದು, ನನ್ನ ಉತ್ತರಗಳು ಯಾರಿಗೆ ಕಾಣ್ತವೆ? ಮ್ಯಾನೇಜರಿಗಾ, ವಿಮೆ ಕಂಪನಿಗಾ? ಚಿಕ್ಕ ಟೀಮಿನ ಅಂಕಿಅಂಶ ಬೇರೆ ಮಾಡಿ ತೋರಿಸ್ತೀರಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಅಂತ ತಿಳಿಸಬೇಕು, ಕೊಟ್ಟ ಒಪ್ಪಿಗೆ ವಾಪಸ್ ಪಡೆಯೋಕೂ ದಾರಿ ಇರಬೇಕು ಅಂತ ಇದೆ. ಹಾಗಾಗಿ ಇದು ಅಧಿಕಪ್ರಸಂಗದ ಪ್ರಶ್ನೆ ಅಲ್ಲ.

ಎರಡು, ನಾನು ಕೆಂಪು ಒತ್ತಿದ್ರೆ ಏನಾಗುತ್ತೆ? ಎಷ್ಟು ದಿನದಲ್ಲಿ ಒಬ್ಬ ಮನುಷ್ಯ ನನ್ನ ಜೊತೆ ಮಾತಾಡ್ತಾನೆ? ಅವನಿಗೆ ಶಿಫ್ಟ್ ಬದಲಾಯಿಸೋ ಅಧಿಕಾರ ಇದೆಯಾ?

ಮೂರು, ನಾನು ಸೇರದೇ ಇದ್ರೆ ಏನಾಗುತ್ತೆ? ಅಪ್ರೈಸಲ್‌ಗೂ ಇದಕ್ಕೂ ಸಂಬಂಧ ಇದೆಯಾ?

ಈ ಮೂರಕ್ಕೆ ನೇರ ಉತ್ತರ ಬಂದ್ರೆ ಆ್ಯಪನ್ನ ನೆಮ್ಮದಿಯಾಗಿ ಬಳಸಿ. ರಕ್ತಪರೀಕ್ಷೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮತ್ತೆ ಆಫೀಸಿನ ಯಾರಿಗೂ ಗೊತ್ತಾಗದ ಹಾಗೆ ಮಾತಾಡಬೇಕು ಅನ್ನಿಸಿದ್ರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಉಚಿತ, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಇಲಿನಾಯ್‌ನ ಆ ಎರಡನೇ ವಿಷಯ ನೆನಪಿಟ್ಕೊಳ್ಳಿ ಅಂದಿದ್ದೆ. ಸಂಸ್ಥೆ ನಮ್ಮ ಆರೋಗ್ಯಕ್ಕೆ ಬೆಲೆ ಕೊಡುತ್ತೆ ಅನ್ನೋ ನಂಬಿಕೆ. ಅದು ಸಣ್ಣದಲ್ಲ. ಅಕ್ಕ ಮೊದಲ ದಿನ ಕೆಂಪು ಒತ್ತಿದ್ದು ಅದೇ ನಂಬಿಕೆಯಿಂದ. ಯಾರಾದ್ರೂ ನೋಡ್ತಾರೆ ಅಂತ. ನೋಡಿದವಳು ನಾನು.

ಹೋದ ತಿಂಗಳು ಧೈರ್ಯ ಮಾಡಿ ಅಕ್ಕಂಗೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲೇ ನಾಲ್ಕಾರು ಅಂಗಡಿಗಳ ಜಿ.ಎಸ್.ಟಿ. ರಿಟರ್ನ್ ಮಾಡ್ಕೊಡ್ತಾರೆ. ಈ ಸಂಚಿಕೆಯಲ್ಲಿ ಅವರ ವಿಷಯ ಹೇಳ್ಲಾ ಅಂತ ಕೇಳಿದೆ, ಹೆಸರು ಹಾಕಬ್ಯಾಡ ಅಷ್ಟ ಅಂದ್ರು. ಆಮೇಲೆ ಆ ಮೆಸೇಜ್ ವಿಷಯ ಎತ್ತಿ ಸಾರಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಅಂದ್ರು, "ಅದನ್ನ ಇನ್ನೂ ತಲ್ಯಾಗ ಇಟಗೊಂಡೀಯೇನ? ಇರ್ಲಿ ಬಿಡು. ಆದ್ರ ಅವತ್ತು ನೀ ನನಗ 'ಯಾಕಕ್ಕಾ' ಅಂತ ಒಂದ್ಸಲ ಕೇಳಬೇಕಿತ್ತು."

ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರಾದ್ರೂ ಇತ್ತೀಚೆಗೆ ಕೆಂಪು ಒತ್ತುತ್ತಿದ್ರೆ, ಅಥವಾ ಇದ್ದಕ್ಕಿದ್ದ ಹಾಗೆ ಹಸಿರು ಒತ್ತೋಕೆ ಶುರು ಮಾಡಿದ್ರೆ, ನಾಳೆ ಟೀ ಬ್ರೇಕಲ್ಲಿ ಕೇಳಿ. ಯಾಕೆ ಅಂತ.

ನಿಮ್ಮ ಆಫೀಸಿನ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ, ಕಂಪನಿ ಹೆಸರು ಬೇಡ. ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ಟೈಮಿಗೆ ಊಟ ಮಾಡಿ. ನಮಸ್ಕಾರ.